ಹೂಂ ಅನ್ನಲು ಒಬ್ಬರು

ಮೊರಿತಾ ಅವರು ನಮ್ಮ ಮಹಡಿಯ ಕೋಣೆಗೆ ಬಂದು ಮೂರು ವಾರ ಕಳೆದ ಮೇಲೆ, ಒಂದು ಬೆಳಗ್ಗೆ ತಾವು ಉಂಡ ತಟ್ಟೆಯನ್ನು ತಾವೇ ತೊಳೆದು ಬೋರಲು ಹಾಕಿ, ನನ್ನಿಂದ ಒಂದು ಉಪಕಾರ ಆಗಬೇಕು ಎಂದರು. ಬರುವ ಗುರುವಾರ ಸಂಜೆ ನಾನು ಒಂದು ಗಂಟೆ ಹೊತ್ತು ಅವರೆದುರು ಕೂರಬೇಕು. ಅವರು ತಮ್ಮ ಊರಿನ ಕಥೆ ಹೇಳುತ್ತಾರೆ. ನಾನು ಹೂಂ ಅನ್ನಬೇಕು.

"ಅಷ್ಟೇನಾ?" ಎಂದೆ ಜಪಾನಿಯಲ್ಲಿ.

"ಅಷ್ಟೇ," ಎಂದರು. ಆದರೆ ಕೈ ಒರೆಸಿಕೊಂಡ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಚಿದರು.

ಅವರ ವಯಸ್ಸು ಅರವತ್ತೊಂದು. ತಮಿಳುನಾಡಿನ ತೇನಿಯಿಂದ ಆಂಡಿಪಟ್ಟಿಯ ಕಡೆಗೆ ಸಾಲಾಗಿ ನಿಂತ ಗಾಳಿಯಂತ್ರಗಳಲ್ಲಿ ಕೆಲವಕ್ಕೆ ಜಪಾನಿನ ಗೇರ್ ಪೆಟ್ಟಿಗೆ ಇದೆ. ಗಾಳಿಯ ತಿಂಗಳುಗಳಲ್ಲಿ ಅವನ್ನು ನಿಲ್ಲಿಸುವಂತಿಲ್ಲ. ರಿಪೇರಿಯೆಲ್ಲ ಗಾಳಿ ಇಳಿದು ಮಳೆ ಹಿಡಿದ ಮೇಲೆ. ಅದಕ್ಕೆಂದು ಕಂಪನಿ ಅವರನ್ನು ಎರಡು ತಿಂಗಳ ಮಟ್ಟಿಗೆ ಕರೆಸಿತ್ತು. ಅಲ್ಲಿ ಮೇಸ್ತ್ರಿಯಾಗಿರುವ ನನ್ನ ದೊಡ್ಡಪ್ಪನ ಮಗ ಲೋಗೇಶ್, ಬೋಡಿಯ ಲಾಡ್ಜಿನಲ್ಲಿ ಬಸ್ಸಿನ ಹಾರನ್ನಿಗೆ ಅವರಿಗೆ ನಿದ್ದೆ ಬರುತ್ತಿಲ್ಲವೆಂದು ತೇವಾರದ ನಮ್ಮ ಮನೆಗೆ ಕರೆತಂದ. "ನಮ್ ಜೆಯಂತಿಗೆ ಜಪಾನ್ ಭಾಷೆ ತಣ್ಣೀರು ಕುಡ್ದಂಗೆ" ಎಂದು ಕಂಪನಿಯಲ್ಲೆಲ್ಲ ಹೇಳಿಯೂ ಬಂದಿದ್ದ.

ನನಗೆ ಜಪಾನಿ ಬರುತ್ತದೆ ಎಂದರೆ ಓದಲು ಬರುತ್ತದೆ. ಮದುರೆಯಲ್ಲಿ ಕಾಲೇಜು ಓದುವಾಗ ಸಂಜೆ ತರಗತಿಯಲ್ಲಿ ನಾಲ್ಕು ವರ್ಷ ಕಲಿತೆ. ಈಗ ಮನೆಯಲ್ಲೇ ಕೂತು ಯಂತ್ರಗಳ ಕೈಪಿಡಿಗಳನ್ನು ತಮಿಳಿಗೆ ತರುತ್ತೇನೆ. ಬೋಲ್ಟ್ ಬಿಗಿಯುವ ಮುನ್ನ ಎಣ್ಣೆ ಒರೆಸಿ, ವಿದ್ಯುತ್ ನಿಲ್ಲಿಸದೆ ಮುಚ್ಚಳ ತೆಗೆಯಬೇಡಿ, ಈ ತರಹದ ವಾಕ್ಯಗಳು. ಒಂದೊಂದನ್ನೂ ಮೂರು ಸಲ ತಿದ್ದುತ್ತೇನೆ. ನಾನು ಒಂದು ಪದ ತಪ್ಪಿದರೆ ಎಲ್ಲೋ ಒಬ್ಬನ ಬೆರಳು ಹೋಗುತ್ತದೆ ಎಂಬ ಯೋಚನೆ ಕೈ ಬಿಡುವುದಿಲ್ಲ. ಕಿವಿಯ ವಿಷಯ ಬೇರೆ. ಯಾರಾದರೂ ವೇಗವಾಗಿ ಮಾತಾಡಿದರೆ ನಾನು ಅರ್ಧ ಹಿಡಿಯುತ್ತೇನೆ, ಉಳಿದ ಅರ್ಧಕ್ಕೆ ಮರ್ಯಾದೆಗೆ ತಲೆ ಆಡಿಸುತ್ತೇನೆ.

ಅದನ್ನೇ ಅವರಿಗೆ ಹೇಳಿದೆ. "ನನಗಿಂತ ಒಳ್ಳೆಯ ಕಿವಿ ಬೇಕು ನಿಮಗೆ. ಊರಿಗೇ ಫೋನ್ ಮಾಡಿ ಹೇಳಬಹುದಲ್ಲ?"

"ಊರಿನಲ್ಲಿ ಯಾರೂ ಇಲ್ಲ," ಎಂದರು.

ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲೇ ಕುಕ್ಕುರುಗಾಲಲ್ಲಿ ಕೂತು ಹೇಳಿದರು. ಊರಿನ ಹೆಸರು ಕಾಗೆಸಾವಾ, ನೆರಳಿನ ತೊರೆ ಎಂದು ಅರ್ಥ. ಎರಡು ಬೆಟ್ಟಗಳ ಸಂದಿನಲ್ಲಿ ಒಂಬತ್ತು ಮನೆ. ಮಧ್ಯಾಹ್ನ ಕಳೆಯುತ್ತಲೇ ಸೂರ್ಯ ಗುಡ್ಡದ ಹಿಂದೆ ಹೋಗಿ ಊರಿನ ಮೇಲೆ ನೆರಳು ಬೀಳುತ್ತದೆ. ಕತ್ತಲಾಗಲು ಮಾತ್ರ ಇನ್ನೂ ಎಷ್ಟೋ ಹೊತ್ತು. ಈ ದೇಶಕ್ಕೆ ಬಂದ ಮೇಲೆ ಅಂಥ ಉದ್ದನೆಯ ನೆರಳಿನ ಹೊತ್ತನ್ನು ಅವರು ಮೊದಲು ಕಂಡದ್ದು ತೇವಾರದಲ್ಲಿ, ನಮ್ಮ ಹಿತ್ತಲಲ್ಲಿ.

ಹಿತ್ತಲ ಜಗಲಿಯಲ್ಲಿ ಅವ್ವ ಮೊಚ್ಚೆಕಾಯಿ, ಅಂದರೆ ಅವರೆಕಾಯಿ, ಸುಲಿಯುತ್ತಿದ್ದಳು. ಅವ್ವ ಎಂದರೆ ನನ್ನ ಅಪ್ಪನ ತಾಯಿ ಕಾಳಿಯಮ್ಮಾಳ್, ಎಂಬತ್ತಾರು ವರ್ಷ. ಅಪ್ಪ ಬೋಡಿಮೆಟ್ಟಿನ ಏಲಕ್ಕಿ ತೋಟದಲ್ಲಿರುವುದರಿಂದ ಮನೆಯಲ್ಲಿ ನಾವಿಬ್ಬರೇ. "ಏನಂತೆ ಅವ್ನ್ ಊರು?" ಎಂದಳು. ಹೇಳಿದೆ.

"ಕಾಗೆನೂ ಸಾವೂ ಸೇರಿ ಒಂದ್ ಊರಾ? ನಲ್ಲಾ ಒಳ್ಳೆ ಹೆಸ್ರು ಇಟ್ಟಾರೆ ಪೋ."

ಅವ್ವ ಯಾಕೆ ನಕ್ಕಳೆಂದು ಅವರು ಕೇಳಿದರು. ನಮ್ಮ ಮಾತಿನಲ್ಲಿ ಅದು ಒಂದು ಹಕ್ಕಿಯ ಹೆಸರೆಂದು ಮಾತ್ರ ಹೇಳಿದೆ. ಯಾವ ಹಕ್ಕಿ ಎಂದು ತಿಳಿದಾಗ, "ಸರಿಯಾಗಿಯೇ ಇದೆ. ಈಗ ಅಲ್ಲಿ ಇರುವುದು ಅವೇ," ಎಂದರು.

ಎಂಟುನೂರು ವರ್ಷದ ಹಿಂದೆ ಅವರ ದೇಶದಲ್ಲಿ ಎರಡು ದೊಡ್ಡ ಮನೆತನಗಳ ನಡುವೆ ಯುದ್ಧವಾಯಿತು. ಸೋತವರಲ್ಲಿ ಬಹಳ ಜನ ಸಮುದ್ರದಲ್ಲಿ ಮುಳುಗಿದರು. ಉಳಿದವರು ಹೆಸರು ಬಿಟ್ಟು, ಗುರುತು ಬಿಟ್ಟು ಬೆಟ್ಟಗಳಿಗೆ ಓಡಿದರು. ಹಾಗೆ ಓಡಿದ ಹದಿಮೂರು ಜನರಿಂದ ಕಾಗೆಸಾವಾ ಆಯಿತು. ಆ ದಿನದಿಂದ ಊರಲ್ಲಿ ಹುಂಜ ಸಾಕಲಿಲ್ಲ, ಕೂಗಿದರೆ ಕೇಳುತ್ತದೆ ಎಂದು. ಬಿಳಿ ಬಟ್ಟೆಯನ್ನು ಹೊರಗೆ ಒಣಹಾಕಲಿಲ್ಲ. ಅಕ್ಕಿ ತೊಳೆದ ನೀರನ್ನು ತೊರೆಗೆ ಚೆಲ್ಲಲಿಲ್ಲ, ಕೆಳಗಿನವರು ನೀರಿನ ಬಣ್ಣ ನೋಡಿ ಮೇಲೆ ಜನ ಇದ್ದಾರೆಂದು ತಿಳಿದಾರು ಎಂದು. ಅಟ್ಟಿಸಿಕೊಂಡು ಬಂದವರ ವಂಶವೇ ಅಳಿದು ಹೋಯಿತು, ಆ ರಾಜ್ಯವೂ ಹೋಯಿತು, ಊರಿಗೆ ಅಂಚೆ ಬಂತು, ಕರೆಂಟು ಬಂತು. ಹುಂಜ ಮಾತ್ರ ಬರಲಿಲ್ಲ. ಮೊರಿತಾ ಅವರು ಹುಂಜದ ಕೂಗನ್ನು ಮೊದಲು ಕೇಳಿದ್ದು ಹದಿನೈದನೆಯ ವಯಸ್ಸಿನಲ್ಲಿ, ಪೇಟೆಯ ಶಾಲೆಗೆ ಹೋದಾಗ.

ವರ್ಷಕ್ಕೊಂದು ಸಲ, ಅವರು ಬಂದು ಸೇರಿದ ದಿನ, ನೆರಳು ಬಿದ್ದ ಮೇಲೆ ಕತ್ತಲಾಗುವುದರೊಳಗೆ ಒಬ್ಬರು ಆ ನಡಿಗೆಯ ಕಥೆ ಹೇಳುತ್ತಾರೆ, ಒಬ್ಬರು ಎದುರಿಗೆ ಕೂತು ಹೂಂ ಅನ್ನುತ್ತಾರೆ. ಬರೆದಿಡುವಂತಿಲ್ಲ. ಕಥೆ ಮುಗಿದಾಗ ಹದಿಮೂರು ಜನ ಆ ವರ್ಷವೂ ಊರು ತಲುಪಿದರು ಎಂದು ಲೆಕ್ಕ. ಯಾರೂ ಕೇಳದೆ ದಿನ ಕಳೆದರೆ ಅವರು ದಾರಿಯಲ್ಲೇ ಉಳಿಯುತ್ತಾರೆ. ಒಮ್ಮೆ ತಪ್ಪಿದರೆ ಮತ್ತೆ ಹೇಳುವ ಹಕ್ಕು ಯಾರಿಗೂ ಇಲ್ಲ. ಕಳೆದ ಮಾಸಿ ತಿಂಗಳಲ್ಲಿ ತೀರಿಹೋದ ಅವರ ತಾಯಿ ಊರಿನ ಕಡೆಯ ನಿವಾಸಿ. ಪ್ರತಿ ವರ್ಷ ಆಕೆ ಹೇಳುತ್ತಿದ್ದಳು, ಮಗ ರಜೆ ಹಾಕಿ ಹೋಗಿ ಹೂಂ ಅನ್ನುತ್ತಿದ್ದರು. ಈ ವರ್ಷದಿಂದ ಹೇಳುವ ಸರದಿ ಅವರದು. ಕೇಳಲೆಂದು ಉಳಿದಿದ್ದ, ಪೇಟೆಯಲ್ಲಿರುವ ಚಿಕ್ಕಮ್ಮನಿಗೆ ಈಗ ಕಿವಿ ಪೂರ್ತಿ ಹೋಗಿದೆ. ಗೇರ್ ಪೆಟ್ಟಿಗೆಯ ಭಾಗ ಹಡಗಿನಿಂದ ತಡವಾಗಿ ಬಂದು, ಗುರುವಾರದೊಳಗೆ ಊರಿಗೆ ಹೋಗುವ ದಾರಿಯೂ ಮುಚ್ಚಿತ್ತು.

"ಹೊರಗಿನವರು ಕೇಳಬಹುದೇ?" ಎಂದೆ.

"ಎರಡನೆಯ ಮಹಾಯುದ್ಧದ ಕಡೆಯ ವರ್ಷ ಹತ್ತೊಂಬತ್ತು ಗಂಡಸರನ್ನು ಕರೆದೊಯ್ದಿದ್ದರು. ಇದ್ದವರೆಲ್ಲ ಜ್ವರದಲ್ಲಿ ಮಲಗಿದ್ದರು. ನನ್ನ ಅಜ್ಜಿ ಕಾಗದ ತಂದ ಅಂಚೆಯವನನ್ನು ಕೂರಿಸಿ ಹೇಳಿದಳು. ಅವನಿಗೆ ಬಸ್ಸು ತಪ್ಪಿತು, ಆದರೂ ಕೂತಿದ್ದ." ಆಮೇಲೆ ಸೇರಿಸಿದರು: "ಯಾರಾದರೂ ಆಗಬಹುದು. ಒಂದೇ ನಿಯಮ. ಕಣ್ಣಿಗೆ ಕಂಡರೆ ಮಾತ್ರ ಹೂಂ ಅನ್ನಬೇಕು. ಕಾಣದೆ ಹೂಂ ಅಂದರೆ ಅವರು ಅಲ್ಲೇ ನಿಂತುಬಿಡುತ್ತಾರೆ."

ಆ ನಿಯಮ ನನಗೆ ಗೊತ್ತಿತ್ತು.

ನಮ್ಮವರೂ ಹೀಗೆ ಓಡಿ ಬಂದವರು. ಎಷ್ಟೋ ನೂರು ವರ್ಷದ ಹಿಂದೆ ಬಡಗಣ ಸೀಮೆಯಿಂದ ದನಗಳನ್ನು ಹೊಡೆದುಕೊಂಡು ಹೊಳೆ ದಾಟಿ ಈ ಕಣಿವೆಗೆ ಬಂದವರು. ಮನೆಯೊಳಗೆ ಕನ್ನಡ, ಹೊರಗೆ ತಮಿಳು. ನನ್ನ ವಯಸ್ಸಿನವರಿಗೆ ಒಳಗೂ ಅರ್ಧ ತಮಿಳು. ಆ ಬಂದ ಕಥೆಯನ್ನು ಅವ್ವ ಹೇಳುತ್ತಿದ್ದಳು, ಹಾಲು ಕರೆಯುತ್ತ, ಒಬ್ಬೊಬ್ಬರಿಗೇ. ಕೇಳುವವರು ಹೂಂ ಕೊಡಬೇಕು. ನಾನು ಹನ್ನೆರಡು ವರ್ಷದವಳಿದ್ದಾಗ ಒಂದು ದಿನ ನನಗೆ ಹೇಳತೊಡಗಿದಳು. ಮರುದಿನ ಪರೀಕ್ಷೆ. ಮಡಿಲಲ್ಲಿ ಪುಸ್ತಕವಿಟ್ಟುಕೊಂಡು, ಓದುತ್ತ, ಅವಳ ದನಿ ನಿಂತಾಗೆಲ್ಲ ಹೂಂ, ಹೂಂ ಅನ್ನುತ್ತಿದ್ದೆ. ಜನ ದನ ಎಲ್ಲ ಹೊಳೆಯ ದಡಕ್ಕೆ ಬಂದಿದ್ದರು. ಅಲ್ಲಿ ಅವ್ವ ನಿಲ್ಲಿಸಿದಳು. ಬೈಯಲಿಲ್ಲ. ಹಾಲಿನ ಚೊಂಬು ಎತ್ತಿಕೊಂಡು ಒಳಗೆ ಹೋದಳು. ಇಪ್ಪತ್ತೆರಡು ವರ್ಷವಾಯಿತು, ಮತ್ತೆ ಹೇಳಿಲ್ಲ, ನಾನೂ ಕೇಳಿಲ್ಲ. ನನ್ನ ಮಟ್ಟಿಗೆ ನಮ್ಮವರು ಇನ್ನೂ ಹೊಳೆಯ ಆಚೆ ದಡದಲ್ಲೇ ಇದ್ದಾರೆ.

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಅವರು ಟವೆಲನ್ನು ಮತ್ತೆ ಮಡಚುತ್ತಿದ್ದರು. ಆಗಲಿ ಎಂದೆ.

*

ಆ ನಾಲ್ಕು ದಿನ ಕೈಪಿಡಿಯ ಕೆಲಸ ಪಕ್ಕಕ್ಕಿಟ್ಟು, ಜಪಾನಿನ ಬೆಟ್ಟಗಾಡಿನ ಆಡುಮಾತಿನ ಧ್ವನಿಮುದ್ರಣಗಳನ್ನು ಹುಡುಕಿ ಕೇಳಿದೆ. ಕೇಳಿದಷ್ಟೂ ಹೆದರಿಕೆ ಹೆಚ್ಚಿತು. ಬುಧವಾರ ಲೋಗೇಶನ ಹತ್ತಿರ ಹೇಳಿಕೊಂಡೆ.

"ಇದ್ಕಾ ಇಷ್ಟು ಟೆನ್ಷನ್ನು?" ಎಂದ. "ಫೋನ್ನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್‌ಲೆ ಹಾಕ್ ಬುಡು ಅನ್ನು. ಊರೇ ಕೇಳ್ತದೆ."

"ಫೋನು ಹೂಂ ಅನ್ನಲ್ಲ ಅಣ್ಣಾ."

"ನನ್ ಹೆಂಡ್ತಿನೂ ಅನ್ನಲ್ಲ. ನಾನ್ ಹೇಳ್ದೆ ಬುಟ್ಟಿದೀನಾ?"

ಅವ್ವ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಅವ್ಳು ಒಂದ್ ದಿನ ಹೂಂ ಅಂದ್ರೆ ನೀ ಬೆಳಗಾನ ನಿಲ್ಸಲ್ಲ. ಅದ್ಕೇ ಸುಮ್ನಿದಾಳೆ, ಪಾವಂ." ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಎಲ್ಲಿ ಕೂತು ಹೇಳ್ತಾನೆ?" ಎಂದಳು.

"ಹಿತ್ತಲ ಜಗಲೀಲಿ."

"ಅಲ್ಲೇ ನನ್ ವೇಲೆನೂ ಇದೆ, ಕಾಯಿ ಸುಲಿಯೋದು," ಎಂದಳು.

ಗುರುವಾರ ಬೆಳಗ್ಗೆಯಿಂದ ಮಳೆ. ಮಧ್ಯಾಹ್ನ ಬಿಟ್ಟಿತು. ಮೂರು ಗಂಟೆಗೆ ಜಗಲಿ ಗುಡಿಸಿ ಚಾಪೆ ಹಾಸಿದೆ. ನಾಲ್ಕಕ್ಕೆ ಗ್ಯಾಸ್ ಆರಿಸಿದೆನೇ ಎಂದು ನೋಡಿ ಬಂದೆ, ಮತ್ತೆ ನೋಡಿ ಬಂದೆ. ನಾಲ್ಕು ಮುಕ್ಕಾಲಿಗೆ ಸೂರ್ಯ ಬೆಟ್ಟದ ಅಂಚಿಗೆ ತಾಗಿತು. ನೆರಳು ಬೆಟ್ಟದ ಬುಡದಿಂದ ಹೊರಟು ಮಾವಿನ ತೋಪು ದಾಟಿ, ಮೆಕ್ಕೆಜೋಳದ ಹೊಲ ದಾಟಿ ನಮ್ಮ ಕೊಟ್ಟಿಗೆಯ ಮೇಲೆ ಬಂತು. ಅವರು ಬರಲಿಲ್ಲ. ಫೋನು ಮಾಡಿದರೆ ಲೋಗೇಶ್, "ಕಾಲ್ವಾಯ್ ತುಂಬಿ ರೋಡಲ್ಲಿ ನೀರು. ಸುತ್ತಿ ಬತ್ತಾ ಇದ್ದೋ. ಮನುಷ್ಯ ಜೀಪಲ್ಲಿ ಕೂತವ್ನು ಬೆಟ್ಟನೇ ನೋಡ್ತಾ ಅವ್ನೆ, ಮಾತೇ ಇಲ್ಲ," ಎಂದ.

ಐದೂಕಾಲಿಗೆ ಬಂದರು. ಕೈಕಾಲು ತೊಳೆದು, ಚಾಪೆಯ ಮೇಲೆ ಮಂಡಿಯೂರಿ ಕೂತರು. ನಾನೂ ಹಾಗೆಯೇ ಕೂತೆ. ಅವ್ವ ಮೂರು ಮೊಳದಾಚೆ ಕಂಬಕ್ಕೊರಗಿ, ಮೊರದ ತುಂಬ ಮೊಚ್ಚೆಕಾಯಿ ಇಟ್ಟುಕೊಂಡಿದ್ದಳು. ಲೋಗೇಶ್ ಚಪ್ಪಲಿ ಕಳಚಿ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತ. ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಹೋರಿ. ಅವುಗಳ ಕೊರಳಲ್ಲಿ ಗಂಟೆ ಇಲ್ಲ. ನಮ್ಮ ಕುಲದಲ್ಲಿ ಯಾರೂ ದನಕ್ಕೆ ಗಂಟೆ ಕಟ್ಟುವುದಿಲ್ಲ. ಯಾಕೆಂದು ನಾನು ಕೇಳಿದವಳೂ ಅಲ್ಲ.

ಮೊರಿತಾ ಅವರು ಕಣ್ಣು ಮುಚ್ಚಿ ತೆರೆದು, ಹದಿಮೂರು ಹೆಸರು ಹೇಳಿದರು. ಒಂದೊಂದಕ್ಕೂ ಒಂದು ಬೆರಳು ನೆಲಕ್ಕೆ ಊರಿದರು. ಕಡೆಯ ಹೆಸರಿಗೆ ಕಿರುಬೆರಳು.

"ಹೂಂ," ಎಂದೆ. ನನಗೆ ಕಂಡಿತ್ತು: ಕೆಸರು ಮೆತ್ತಿದ ರೇಷ್ಮೆಯ ಅಂಚುಗಳು, ಹದಿಮೂರು ಜನ.

ದನಿ ಬೇರೆಯಾಯಿತು. ದಿನವೂ ತಟ್ಟೆ ತೊಳೆಯುವವರ ದನಿ ಅಲ್ಲ ಅದು. ಯಾವುದೋ ಮುದುಕಿಯ ಎಳೆದೆಳೆದು ಹಾಕುವ ದನಿ, ಅವಳಿಗೂ ಹಿಂದಿನವಳಿಂದ ಬಂದದ್ದು. ಅವರು ನದಿ ಕಡಲು ಸೇರುವಲ್ಲಿಂದ ಮೇಲಕ್ಕೆ ನಡೆದರು. ನೀರಿನಲ್ಲೇ ನಡೆದರು, ಹೆಜ್ಜೆ ಉಳಿಯಬಾರದೆಂದು. ಹೂಂ. ಕುದುರೆಯನ್ನು ಬಿಟ್ಟುಬಿಟ್ಟರು, ಅದು ಹೋಗದೆ ಹಿಂದೆಯೇ ಬಂತು, ಅದರ ಯಜಮಾನ ಅದಕ್ಕೆ ಕಲ್ಲು ಹೊಡೆದ. ಹೂಂ. ಕುದುರೆ ನಿಂತು ನೋಡಿತು. ಹೂಂ. ಊಟವಿಲ್ಲ, ಒಣಗಿಸಿದ ಅನ್ನವನ್ನು ಎಂಜಲಲ್ಲಿ ನೆನೆಸಿ ನುಂಗಿದರು. ಹೂಂ. ಪ್ರತಿ ಹೂಂಗೂ ಅವರು ನನ್ನ ಕಣ್ಣು ನೋಡಿ ಮುಂದೆ ಹೋಗುತ್ತಿದ್ದರು, ಕೈಯಲ್ಲಿ ದೀಪ ಹಿಡಿದು ಮೆಟ್ಟಿಲು ಇಳಿಯುವವರ ಹಾಗೆ. ನನ್ನ ಹೆದರಿಕೆ ಹೋಗಿತ್ತು. ಎಂಟುನೂರು ವರ್ಷದಿಂದ ಬಂದ ವಾಕ್ಯ ನನ್ನ ಒಂದು ಹೂಂಗಾಗಿ ನಿಂತು ಕಾಯುತ್ತಿದೆ ಎಂದು ಅನಿಸುತ್ತಿತ್ತು.

ಆಮೇಲೆ ಅವರ ದನಿ ತಗ್ಗಿತು. ಹಳೆಯ ಪದಗಳು ಬಂದವು, ಒಂದರ ಹಿಂದೆ ಒಂದು. ನಾನು ಒಂದು ಹಿಡಿಯುವಷ್ಟರಲ್ಲಿ ನಾಲ್ಕು ದಾಟಿಹೋದವು. ಕೆಳಗೆ ದೀವಟಿಗೆ ಎಂಬುದು ತಿಳಿಯಿತು. ಜರೀಗಿಡ ಎಂಬುದು ತಿಳಿಯಿತು. ಆಮೇಲೆ ಏನೂ ತಿಳಿಯಲಿಲ್ಲ. ಅವರು ನಿಲ್ಲಿಸಿ ನನ್ನನ್ನು ನೋಡಿದರು.

ತಿಳಿಯಲಿಲ್ಲ ಎನ್ನಬೇಕಿತ್ತು. ಬೆಟ್ಟದ ಮೇಲಿನ ಬೆಳಕು ಕೆಂಪಾಗಿತ್ತು, ಹೊತ್ತು ಕಡಿಮೆ ಇತ್ತು, ಅವರ ಕಣ್ಣಂಚಿನಲ್ಲಿ ನೀರಿತ್ತು. ಅಂಥ ಹೊತ್ತಿನಲ್ಲಿ ಅಡ್ಡ ಬಂದು ಕೇಳುವುದು ಹೇಗೆ?

"ಹೂಂ," ಎಂದೆ.

ಅವರು ಮುಂದೆ ಹೋಗಲಿಲ್ಲ.

"ಏನು ಕಂಡಿತು?" ಎಂದು ಮೆಲ್ಲಗೆ ಕೇಳಿದರು.

ಸುಳ್ಳು ಹೇಳಲು ಒಂದು ವಾಕ್ಯ ನಾಲಿಗೆಯವರೆಗೆ ಬಂತು: ದೀವಟಿಗೆ ಕಂಡಿತು ಎನ್ನಬಹುದಿತ್ತು. ಅದೂ ಆಗಲಿಲ್ಲ. ತಲೆ ತಗ್ಗಿಸಿದೆ. ಮಂಡಿಯ ಮೇಲಿದ್ದ ಅವರ ಕೈಗಳು ಹಾಗೆಯೇ ಉಳಿದವು. ಅವರು ನನ್ನನ್ನು ದೂರಲಿಲ್ಲ, ಇದೆಲ್ಲ ತಮ್ಮದೇ ತಪ್ಪು ಎಂಬಂತೆ ನನಗೇ ತಲೆಬಾಗಿದರು. ನನಗೆ ಹನ್ನೆರಡು ವರ್ಷವಾದಂತೆ, ಹಾಲಿನ ಚೊಂಬು ಒಳಗೆ ಹೋದಂತೆ ಆಯಿತು.

"ಏನಾತು? ಯಾಕ್ ನಿಂತ?" ಎಂದಳು ಅವ್ವ.

"ನಾ ಕೆಡಿಸ್ಬಿಟ್ಟೆ ಅವ್ವ. ಕಾಣ್ದೆ ಹೂಂ ಅಂದ್ಬಿಟ್ಟೆ."

"ಇವಳು ಮಾರ್ಲಿಲ್ಲ, ಅಂಗೇ ಇದಾಳೆ," ಎಂದಳು ಅವ್ವ ಲೋಗೇಶನಿಗೆ, ನಾನು ಅಲ್ಲಿಲ್ಲವೆಂಬಂತೆ. ಆಮೇಲೆ ಮೊರ ಪಕ್ಕಕ್ಕಿಟ್ಟು, ಅಂಗೈ ಊರಿ, ಕೂತಲ್ಲೇ ಜರುಗುತ್ತ ಚಾಪೆಯ ಅಂಚಿಗೆ ಬಂದಳು. "ಅವ್ರನ್ನ ಅಲ್ಲೇ ನಿಲ್ಸಿ ಎದ್ ಹೋಗಕ್ಕಾತದಾ? ಕೂಸಿನ್ ಬಾಯ್ ಮೇಲೆ ಕೈ ಇಟ್ಟವ್ರೆ. ಅಲ್ವಾ?"

ನನಗೆ ಅರ್ಥವಾಗಲಿಲ್ಲ. "ಏನ್ ಕೂಸು?"

"ಆ ಕೈನೇ ಪಾರಡೀ, ನೋಡು. ಮಾತ್ನೇ ಕೇಳ್ತಾ ಕೂತಿದ್ದೆ ನೀನು."

ಆಗ ನೋಡಿದೆ. ಮಂಡಿಯ ಮೇಲೆ ಅವರ ಎಡಗೈ ಏನನ್ನೋ ಎತ್ತಿಕೊಂಡಂತೆ ಅರ್ಧ ಮಡಚಿತ್ತು. ಬಲಗೈ ಅದರ ಮೇಲೆ ಬೋರಲಾಗಿ, ಬಹಳ ಸಣ್ಣದೊಂದನ್ನು ಮುಚ್ಚುವಷ್ಟೇ ಅಗಲವಾಗಿ ನಿಂತಿತ್ತು. ಅವರು ಆ ಕೈಗಳನ್ನು ಇನ್ನೂ ತೆಗೆದಿರಲಿಲ್ಲ.

ಅವ್ವ ತನ್ನ ಎಡಗೈಯನ್ನೂ ಹಾಗೆಯೇ ಮಡಚಿ, ಬಲಗೈ ಅದರ ಮೇಲಿಟ್ಟು ಅವರಿಗೆ ತೋರಿಸಿದಳು. "ಹೆಣ್ಣಾ ಗಂಡಾ ಕೇಳು."

ಕೇಳಿದೆ.

ಮೊರಿತಾ ಅವರು ಅವ್ವನ ಕೈಗಳನ್ನೇ ನೋಡುತ್ತಿದ್ದರು. "ಹೆಣ್ಣು," ಎಂದರು. "ಹದಿಮೂರನೆಯವಳು. ಕೆಳಗೆ ದೀವಟಿಗೆಯವರು ಹುಡುಕುತ್ತಿದ್ದರು. ಕೂಸು ಅಳತೊಡಗಿತು."

"ನಮ್ದೂ ಹೆಣ್ಣೇ," ಎಂದಳು ಅವ್ವ. "ಹೇಳು ಅವ್ನಿಗೆ. ನಾವ್ ದನದ್ ಗಂಟೆಗೆಲ್ಲ ಹುಲ್ಲು ತುಂಬಿದ್ದೋ. ಗಂಟೆಗೆ ಹುಲ್ಲು ತುಂಬ್ಬೋದು. ಕೂಸಿಗೆ ಏನ್ ತುಂಬ್ತಿ? ಹೊಳೆ ದಡದಲ್ಲಿ ನಮ್ ತಾಯಿನೂ ಇದೇ ಮಾಡುದ್ಲು."

ಹೇಳಿದೆ. ಹೇಳುತ್ತಿರುವಾಗಲೇ ನನ್ನ ಕಣ್ಣು ಕೊಟ್ಟಿಗೆಯ ಕಡೆ ಹೋಯಿತು, ಗಂಟೆಯಿಲ್ಲದ ಮೂರು ಕೊರಳುಗಳ ಕಡೆ. ನಮ್ಮ ಮನೆಗಳಲ್ಲಿ ಮಗು ಎಷ್ಟೇ ಅತ್ತರೂ ಯಾರೂ ಶ್‌ ಅನ್ನುವುದಿಲ್ಲ. ಬಸ್ಸಿನಲ್ಲಿ, ಮದುವೆಯಲ್ಲಿ, ತಾಳಿ ಕಟ್ಟುವ ಹೊತ್ತಿನಲ್ಲೂ ಬಿಡುತ್ತಾರೆ. ಹಿರಿಯರು "ಅಳಲಿ, ಅಳಲಿ" ಅನ್ನುತ್ತಾರೆ. ನಾನು ನಾಚಿಕೊಂಡದ್ದಿದೆ, ಕಾಲೇಜಿನ ಗೆಳತಿಯರ ಮುಂದೆ ಕ್ಷಮೆ ಕೇಳಿದ್ದಿದೆ.

ಮೊರಿತಾ ಅವರು ಕೊಟ್ಟಿಗೆಯ ಕಡೆ ತಿರುಗಿ ನೋಡಿದರು. ಆಮೇಲೆ, "ನಮ್ಮಲ್ಲೂ ಅಳುವ ಮಗುವನ್ನು ತಡೆಯುವುದಿಲ್ಲ," ಎಂದರು. "ದಾರಿಯಲ್ಲಿ ಮಗು ಅತ್ತರೆ ಗಂಡಸರು ಟೋಪಿ ತೆಗೆದು ನಿಲ್ಲುತ್ತಿದ್ದರು. ನಾನು ಹುಟ್ಟಿದಾಗ ಹಾಗೆ ನಿಂತಿದ್ದರಂತೆ. ನನ್ನ ನಂತರ ಆ ಊರಲ್ಲಿ ಯಾರೂ ಹುಟ್ಟಲಿಲ್ಲ."

"ಏನಂತೆ?" ಎಂದ ಲೋಗೇಶ್ ಗೋಡೆಯ ಹತ್ತಿರದಿಂದ. ಹೇಳಿದೆ. ಅವನ ತಲೆಯ ಮೇಲೆ ಕಂಪನಿಯ ಟೋಪಿ ಇತ್ತು. ಮೆಲ್ಲಗೆ ತೆಗೆದು ಹಿಂದೆ ಹಿಡಿದುಕೊಂಡ.

"ಹೊತ್ತು ಹೋತದೆ," ಎಂದಳು ಅವ್ವ. "ನಾ ಕೂತಿದ್ದೀನಿ, ನಡ್ಸು ಅನ್ನು. ನಂಗೆ ಕಂಡದೆ. ಕಾಣ್ದಿದ್ರೆ ಅನ್ನಲ್ಲ."

ಅದನ್ನು ಹೇಳಿದಾಗ ಅವರು ಬೆಟ್ಟದ ಕಡೆ ನೋಡಿದರು. ಅಂಚಿನಲ್ಲಿ ಇನ್ನೂ ಬೆಳಕಿತ್ತು. ತಿರುಗಿ, ಮಂಡಿಗಳನ್ನು ಅವ್ವನ ಎದುರಿಗೆ ಸರಿಸಿಕೊಂಡು, ಹಣೆ ಚಾಪೆಗೆ ತಾಗುವಷ್ಟು ಬಾಗಿದರು.

"ನಾನು ತಮಿಳಲ್ಲೋ ನಮ್ ಮಾತಲ್ಲೋ ಹೇಳ್ತಾ ಹೋಗ್ಲಾ?" ಎಂದೆ.

"ಬೇಡ. ನೀ ನಡುವೆ ಬರಬ್ಯಾಡ," ಎಂದಳು.

ಹಾಗೆ ಮುಂದಿನದು ನಡೆಯಿತು. ಅವರು ತಮ್ಮ ಮಾತಿನಲ್ಲಿ ಹೇಳಿದರು, ಅವ್ವ ಅವರ ಮುಖ, ಕೈ, ಉಸಿರು ನೋಡುತ್ತ ಕೂತಳು. ತಾಯಿ ಕೈ ತೆಗೆದಳು. ಅವ್ವ ಹೂಂ ಅನ್ನಲಿಲ್ಲ. ಅವರು ಮತ್ತೆ ಹೇಳಿದರು, ಈ ಸಲ ಬಲಗೈಯನ್ನು ಬಹಳ ನಿಧಾನ ಎತ್ತಿ, ಕೆಳಗಿನದನ್ನು ನೋಡಿದರು. "ಹೂಂ," ಎಂದಳು ಅವ್ವ, ಒಂದು ಸಣ್ಣ ಭಾರ ಇಳಿಸಿದಂಥ ದನಿಯಲ್ಲಿ. ದೀವಟಿಗೆಗಳು ದೂರ ಹೋದವು. ಹೂಂ. ಯಾರೂ ಅಳಲಿಲ್ಲ, ಅಳುವ ಹಾಗಿರಲಿಲ್ಲ. ಅದಕ್ಕೆ ಹೂಂ ಬರಲು ತಡವಾಯಿತು. ಆಕೆ ಆ ಕೂಸನ್ನು ಹೂಳಲು ಬಿಡಲಿಲ್ಲ, ಹೊತ್ತುಕೊಂಡೇ ನಡೆದಳು. ಹೂಂ. ಮೂರು ದಿನ. ಹೂಂ. ಎರಡು ಬೆಟ್ಟದ ನಡುವೆ ನೆರಳು ಬಿದ್ದ ಒಂದು ತೊರೆ ಸಿಕ್ಕಿತು. ಇಲ್ಲಿ ಸಾಕು ಎಂದಳು. ಹೂಂ.

ಈಗ ನನಗೂ ತಿಳಿಯುತ್ತಿತ್ತು, ಪದಗಳಿಂದ ಮಾತ್ರವಲ್ಲ. ಅವ್ವ ಎಲ್ಲಿ ತಡೆಯುತ್ತಾಳೋ ಅಲ್ಲಿ ಏನೋ ಇದೆ ಎಂದು ತಿಳಿಯುತ್ತಿತ್ತು. ನಾನು ಬಾಯಿ ಮುಚ್ಚಿ ಕೂತು, ಎರಡು ದಾರಿಗಳನ್ನು ಒಟ್ಟಿಗೆ ನೋಡುತ್ತಿದ್ದೆ. ಒಂದರಲ್ಲಿ ಜರೀಗಿಡ, ಹಿಮ. ಇನ್ನೊಂದರಲ್ಲಿ ದನಗಳು, ಹುಲ್ಲು ತುಂಬಿದ ಗಂಟೆಗಳು, ಕಪ್ಪನೆಯ ಹೊಳೆ. ಇವರಿಗೆ ಅವರ ಸುಳಿವಿಲ್ಲ, ಅವರಿಗೆ ಇವರ ಸುಳಿವಿಲ್ಲ. ಸದ್ದಿಲ್ಲದೆ ನಡೆಯುತ್ತಿದ್ದ ಆ ಎರಡು ಗುಂಪುಗಳು ಈ ಸಂಜೆ ನಮ್ಮ ಹಿತ್ತಲಿಗೆ ಬಂದು, ಒಂದರ ಪಕ್ಕ ಒಂದು ನಿಂತಿದ್ದವು.

ಕಥೆ ಆಮೇಲೆ ಬೇಗ ಬೇಗ ಸಾಗಿತು, ನೂರು ನೂರು ವರ್ಷದ ಹೆಜ್ಜೆಯಲ್ಲಿ. ಇದ್ದಿಲು ಸುಟ್ಟರು. ತೊಗಟೆಯಿಂದ ಕಾಗದ ಮಾಡಿದರು. ಒಂದು ಚಳಿಗಾಲ ಹಿಮ ಮಾಡಿಗಿಂತ ಮೇಲೆ ಬಂತು. ಹತ್ತೊಂಬತ್ತು ಜನ ಯುದ್ಧಕ್ಕೆ ಹೋದರು, ನಾಲ್ವರು ಬಂದರು. ಶಾಲೆ ತೆರೆಯಿತು, ಶಾಲೆ ಮುಚ್ಚಿತು. ಒಂಬತ್ತು ಮನೆಗಳ ಹೆಸರು ಹೇಳಿದರು, ಒಂದೊಂದರ ಬಾಗಿಲು ಮುಚ್ಚಿದ ವರ್ಷ ಹೇಳಿದರು. ಒಂಬತ್ತನೆಯದಕ್ಕೆ ಈ ವರ್ಷದ ಹೆಸರು ಬಂತು. ಅವರ ದನಿ ಒಡೆಯಲಿಲ್ಲ. ಅವ್ವನ ಹೂಂ ಕೂಡ.

ಕಡೆಗೆ ಹದಿಮೂರು ಹೆಸರು ಮತ್ತೆ ಹೇಳಿ, ಬೆರಳು ಒಂದೊಂದಾಗಿ ಊರುತ್ತ, ಕಿರುಬೆರಳಿಗೆ ಬಂದು ನಿಂತರು. ತಲುಪಿದವರು ಹನ್ನೆರಡು ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಎಂಟುನೂರು ವರ್ಷ, ವರ್ಷ ವರ್ಷ, ಅವರು ಕರೆತರುತ್ತಿದ್ದದ್ದು ಹದಿಮೂರನೆಯವಳನ್ನು.

ಕಿರುಬೆರಳು ಚಾಪೆಗೆ ತಾಗಿತು. "ಎಲ್ಲರೂ ಬಂದರು," ಎಂದರು. ಅಷ್ಟು ಜಪಾನಿ ಯಾರಿಗಾದರೂ ತಿಳಿಯುತ್ತಿತ್ತು.

"ಹೂಂ," ಎಂದಳು ಅವ್ವ.

ಬೆಟ್ಟದ ಅಂಚು ಆಗ ಕಪ್ಪಾಯಿತು. ಲೋಗೇಶ್ ಮೂಗು ಒರೆಸಿಕೊಂಡು, "ಶೀತ ಹಿಡ್ದದೆ, ಮಳೇಲಿ ನೆಂದು," ಎಂದ. ಯಾರೂ ಅವನನ್ನು ಕೇಳಿರಲಿಲ್ಲ.

ಮೊರಿತಾ ಅವರು ಅವ್ವನ ಪೂರ್ತಿ ಹೆಸರು ಕೇಳಿದರು. ಕೇಳಿದವರ ಹೆಸರು ಮುಂದಿನ ವರ್ಷ ಕಥೆಯ ಬಾಲಕ್ಕೆ ಸೇರುತ್ತದೆಯಂತೆ, ಅಂಚೆಯವನದೂ ಇದೆ. ಎರಡು ಮೂರು ಸಲ ಹೇಳಿ ಬಾಯಿಪಾಠ ಮಾಡಿದರು: ತೇವಾರದ ಕಾಳಿಯಮ್ಮಾಳ್.

"ಮುಂದಿನ್ ವರ್ಷನೂ ಬಾ ಅನ್ನು," ಎಂದಳು ಅವ್ವ. "ನಾ ಇದ್ರೆ ನಾನು. ಇಲ್ಲಾಂದ್ರೆ ಇವ್ಳು ಕಲ್ತಿರ್ತಾಳೆ." ಆಮೇಲೆ ನನ್ನ ಹೆಗಲು ಹಿಡಿದು ಏಳುತ್ತ, "ಏನ್ ಕಲೀಬೇಕು ತಿಳೀತಾ?"

"ಜಪಾನಿ ಕಿವಿ," ಎಂದೆ.

"ಮಣ್ಣು. ಕಾಣ್ಲಿಲ್ಲ ಅನ್ನೋದ್ ಕಲಿ. ನಾಳೆ ಬೆಳಿಗ್ಗೆ ಹಾಲ್ ಕರಿವಾಗ ಬಾ. ಪುಸ್ತಕ ತರ್ಬ್ಯಾಡ."

ಮರುದಿನ ಐದೂವರೆಗೆ ಕೊಟ್ಟಿಗೆಗೆ ಹೋದೆ. ಅವ್ವ ಹಸುವಿನ ಹೊಟ್ಟೆಗೆ ಹಣೆ ಒತ್ತಿ ಕೂತಿದ್ದಳು. ಮಹಡಿಯ ಕಿಟಕಿಯಲ್ಲಿ ಮೊರಿತಾ ಅವರು ಎದ್ದು ಬೀದಿಯ ಹುಂಜ ಕೂಗುವುದನ್ನು ಕೇಳುತ್ತಿದ್ದರು. ಅವ್ವ ಮೊದಲಿನಿಂದ ಶುರು ಮಾಡಲಿಲ್ಲ. ನಿಲ್ಲಿಸಿದಲ್ಲಿಂದಲೇ ಹಿಡಿದಳು, ಇಪ್ಪತ್ತೆರಡು ವರ್ಷ ನಡುವೆ ಇಲ್ಲವೆಂಬಂತೆ.

"ಹೊಳೆ ತುಂಬಾ ನೀರು. ದಡದಲ್ಲಿ ಜನ, ದನ. ಹಿಂದೆ ಕುದುರೆ ಸದ್ದು. ಮೂಡ್ಲು ಇನ್ನಾ ಬೆಳ್ಗಾಗಿಲ್ಲ," ಎಂದು, ಹಾಲಿನ ಧಾರೆ ನಿಲ್ಲಿಸಿ ಕಾದಳು.

ನಾನು ನೋಡಿದೆ. ದನ ಕಂಡವು. ನೀರು ಕಂಡಿತು. ತಾಯಿಯ ಮುಖ ಎಷ್ಟು ಪ್ರಯತ್ನಪಟ್ಟರೂ ಕಾಣಲಿಲ್ಲ.

"ಕಾಣ್ಲಿಲ್ಲ ಅವ್ವ," ಎಂದೆ. "ಇನ್ನೊಂದ್ ಸಲ ಹೇಳು."